ಸ್ವಲ್ಪವೇ ತಾನೇ?

ಗುಂಡ್ಲುಪೇಟೆಯ ಮೂಲಕ ಊಟಿಗೂ ವಯನಾಡಿಗೂ ಸಾಗುವ ಲಾರಿಗಳನ್ನು ನೀವು ನೋಡಿರಬಹುದು. ಅವುಗಳಿಗೆ ತುಂಬುವ ಡೀಸೆಲ್‌ನಲ್ಲಿ ಗಂಧಕವು 10 ಲಕ್ಷ ಭಾಗಕ್ಕೆ 10 ಭಾಗವನ್ನು ಮೀರಬಾರದೆಂಬುದು 2020ರ ಏಪ್ರಿಲ್‌ನಿಂದ ದೇಶದ ನಿಯಮ. ಮಂಗಳೂರಿನಂತಹ ತೈಲ ಶುದ್ಧೀಕರಣಾಗಾರಗಳಲ್ಲಿ ಕಚ್ಚಾ ತೈಲದ ಕಲ್ಮಶಗಳನ್ನೂ ಇಷ್ಟೇ ಸೂಕ್ಷ್ಮವಾಗಿ ಅಳೆಯುತ್ತಾರೆ. ಏಕೆ? ತೈಲದೊಡನೆ ಬಂದ ಉಪ್ಪಿನಂಶ ಕಾದಾಗ ಆಮ್ಲ ಹುಟ್ಟಿ ಲೋಹದ ಕೊಳವೆಗಳನ್ನು ತಿನ್ನುತ್ತದೆ. ಲೇಶಮಾತ್ರದ ನಿಕ್ಕಲ್, ವನೇಡಿಯಮ್‌ಗಳು ದಿನದಿನವೂ ಸೇರುತ್ತಾ, ತೈಲವನ್ನು ಒಡೆಯಲು ನೆರವಾಗುವ ವೇಗವರ್ಧಕವನ್ನೇ ಕೆಡಿಸುತ್ತವೆ.

ಹೀಗಿರುವಾಗ ತಕ್ಕಡಿಯಲ್ಲಿ ಗುಲಗಂಜಿಯಷ್ಟು ಕಡಿಮೆ ತೂಗಿ, ಮಾತಿನಲ್ಲಿ ಒಂದಿಷ್ಟು ಸುಳ್ಳು ಬೆರೆಸಿ, 'ಸ್ವಲ್ಪವೇ ತಾನೇ' ಎನ್ನುವುದು ಸರಿಯೇ? ಇಂದಿನ ಅಲ್ಪವು ನಿನ್ನೆಯದರ ಮೇಲೆ ಕೂಡುತ್ತದೆ. ಕಚ್ಚಾ ತೈಲವನ್ನು ಕುಲುಮೆಗೆ ಹೋಗುವ ಮೊದಲೇ ತೊಳೆದು ಉಪ್ಪನ್ನು ತೆಗೆಯುತ್ತಾರೆ. ಆತ್ಮವಿಚಾರಣೆಯೂ ಹಾಗೆಯೇ, ಕೊಳವೆ ತೂತಾದ ಮೇಲೆ ಅಳೆದು ಫಲವೇನು?