ಉಳಿತಾಯ, ರಕ್ಷಣೆ, ಹಿಂಸೆ: ವಾಹನದ ಆಯ್ಕೆಯೊಂದರ ಧರ್ಮವಿಚಾರ

ಹೊಸ ಕಾರು ಕೊಳ್ಳಲು ಹೊರಟ ಗೃಹಸ್ಥನು ಹಾಕುವ ಲೆಕ್ಕದಲ್ಲಿ ಸಾಮಾನ್ಯವಾಗಿ ಎರಡೇ ಕಲಮುಗಳಿರುತ್ತವೆ. ಒಂದರಲ್ಲಿ ಮೈಲೇಜು, ಅಂದರೆ ಒಂದು ಲೀಟರ್ ಇಂಧನಕ್ಕೆ ವಾಹನ ಓಡುವ ದೂರ, ಮತ್ತು ಅದರಿಂದ ತಿಂಗಳು ತಿಂಗಳೂ ಉಳಿಯುವ ಹಣ. ಇನ್ನೊಂದರಲ್ಲಿ ಬಿಡಿಭಾಗಗಳಿಗೂ ರಿಪೇರಿಗೂ ಎಂದೋ ಒಂದು ದಿನ ತೆರಬೇಕಾಗಿ ಬರುವ ಹಣ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿದದ್ದೆಷ್ಟೆಂದು ನೋಡಿದರೆ ನಿರ್ಧಾರ ಮುಗಿಯಿತೆಂಬುದು ರೂಢಿಯ ತಿಳಿವಳಿಕೆ. ಆದರೆ ಕಳೆಯುವ ಕ್ರಿಯೆಗೆ ಅರ್ಥ ಬರಬೇಕಾದರೆ ಎರಡು ಮೊತ್ತಗಳೂ ಒಂದೇ ಬಗೆಯಲ್ಲಿ ತಿಳಿದುಬಂದವಾಗಿರಬೇಕು, ಒಬ್ಬನೇ ಹೊರುವಂಥವೂ ಆಗಿರಬೇಕು. ಇಂಧನದ ಉಳಿತಾಯ ಮತ್ತು ರಿಪೇರಿಯ ವೆಚ್ಚ ಈ ಎರಡು ನಿಬಂಧನೆಗಳಿಗೂ ಒಳಪಡುವುದಿಲ್ಲವಾದ್ದರಿಂದಲೇ ಈ ಸಣ್ಣ ವ್ಯವಹಾರ ಧರ್ಮವಿಚಾರಕ್ಕೆ ವಸ್ತುವಾಗುತ್ತದೆ.

ಭಾರತದಲ್ಲಿ ಈ ಪ್ರಶ್ನೆ ಬಹುಕಾಲ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ನಡುವಿನ ಆಯ್ಕೆಯಾಗಿ ಎದುರಾಗಿದೆ. ಪೆಟ್ರೋಲಿನ ಬೆಲೆ 2010ರ ಜೂನ್ ತಿಂಗಳಲ್ಲಿ ಸರ್ಕಾರದ ನಿಯಂತ್ರಣದಿಂದ ಹೊರಬಂದರೆ ಡೀಸೆಲ್ ಬೆಲೆ ಹೊರಬಂದದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ವರ್ಷಗಳಲ್ಲಿ ಎರಡರ ಬೆಲೆಯ ಅಂತರ ಹಿಗ್ಗಿ, ಕೊಳ್ಳುವಾಗ ಹೆಚ್ಚು ಕೊಟ್ಟರೂ ಡೀಸೆಲ್ ಕಾರೇ ಜಾಣರ ಆಯ್ಕೆಯೆಂಬ ಅಭಿಪ್ರಾಯ ಬೇರೂರಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಂತ್ರಣದ ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಇಂಜಿನ್‌ಗೆ ಹೊಗೆಯನ್ನು ಶುದ್ಧಗೊಳಿಸುವ ಜಟಿಲ ಸಾಧನಗಳು ಸೇರಿ, ಅದರ ಬೆಲೆಯ ಜೊತೆಗೆ ರಿಪೇರಿಯ ಭಯವೂ ಏರಿತು. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಓಡುತ್ತದೆ, ಪೆಟ್ರೋಲಿಗೆ 100 ರೂಪಾಯಿ, ಡೀಸೆಲ್‌ಗೆ 90 ರೂಪಾಯಿ, ಡೀಸೆಲ್ ಕಾರಿನ ಬೆಲೆ 1,50,000 ರೂಪಾಯಿ ಹೆಚ್ಚು ಎಂದು ಇಟ್ಟುಕೊಂಡರೆ, ವರ್ಷಕ್ಕೆ 12,000 ಕಿ.ಮೀ. ಓಡಿಸುವವನಿಗೆ 26,000 ರೂಪಾಯಿ ಉಳಿದು, ಹೆಚ್ಚುವರಿ ಬೆಲೆ ತೀರುವ ಹೊತ್ತಿಗೆ ಆರು ವರ್ಷ ಸಮೀಪಿಸಿರುತ್ತದೆ. ವರ್ಷಕ್ಕೆ 30,000 ಕಿ.ಮೀ. ಓಡಿಸುವ ಟ್ಯಾಕ್ಸಿ ಚಾಲಕನಿಗೆ 65,000 ರೂಪಾಯಿ ಉಳಿದು, ಅದೇ ಮೊತ್ತ ಎರಡೂವರೆ ವರ್ಷದೊಳಗೆ ತೀರುತ್ತದೆ. ಈ ಲೆಕ್ಕ ತಪ್ಪಲ್ಲ, ಆದರೆ ಅಪೂರ್ಣ. ಎಲ್ಲಿ ಅಪೂರ್ಣವೆಂಬುದನ್ನು ತೋರಿಸಲು ಭಾರತೀಯ ದರ್ಶನಗಳಲ್ಲಿ ಸಿದ್ಧವಾದ ಉಪಕರಣಗಳಿವೆ.

ಪತಂಜಲಿಯ ಯೋಗಸೂತ್ರಗಳಲ್ಲಿ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯಗಳ ಬಳಿಕ ಐದನೆಯ ಯಮವಾಗಿ ಅಪರಿಗ್ರಹ ಬರುತ್ತದೆ. ಪರಿಗ್ರಹವೆಂದರೆ ವಸ್ತುಗಳನ್ನು ತನ್ನದಾಗಿ ಮಾಡಿಕೊಳ್ಳುವುದು. ಅದನ್ನು ಏಕೆ ಬಿಡಬೇಕೆಂಬುದಕ್ಕೆ ಆ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯವು ಪ್ರತಿಯೊಂದು ವಿಷಯದಲ್ಲಿಯೂ ಐದು ದೋಷಗಳನ್ನು ಕಾಣುತ್ತದೆ: ಅರ್ಜನ, ಅಂದರೆ ಗಳಿಸುವ ಕಷ್ಟ. ರಕ್ಷಣ, ಗಳಿಸಿದ್ದನ್ನು ಕಾಯುವ ಕಷ್ಟ. ಕ್ಷಯ, ಕಾದರೂ ಅದು ಸವೆಯುವುದು. ಸಂಗ, ಬಳಸಿದಷ್ಟೂ ಅದಕ್ಕೆ ಅಂಟಿಕೊಳ್ಳುವುದು. ಹಿಂಸೆ, ಒಬ್ಬನ ಭೋಗದಿಂದ ಇನ್ನೊಂದು ಜೀವಕ್ಕೆ ಆಗುವ ಪೀಡೆ. ಸಾಂಖ್ಯಕಾರಿಕೆಯ ವ್ಯಾಖ್ಯಾನಕಾರರೂ ಸ್ವಲ್ಪ ವ್ಯತ್ಯಾಸದೊಂದಿಗೆ ಇದೇ ಐದನ್ನು ಹೇಳುತ್ತಾರೆ. ಇದು ವಿರಕ್ತನಿಗಾಗಿ ಬರೆದ ಪಟ್ಟಿ, ಮಾರುಕಟ್ಟೆಯಲ್ಲಿ ನಿಂತ ಗೃಹಸ್ಥನಿಗೆ ಇದರ ಗೊಡವೆಯೇನು ಎಂಬ ಆಕ್ಷೇಪ ಏಳಬಹುದು. ವಸ್ತುವನ್ನು ಬಿಡಬೇಕೆಂಬ ವಿಧಿ ವಿರಕ್ತನಿಗೆ ಇರಲಿ. ವಸ್ತುವಿನಲ್ಲಿರುವ ದೋಷಗಳು ಮಾತ್ರ ಕೊಳ್ಳುವವನು ಯಾರೆಂದು ನೋಡಿ ಬರುವಂಥವಲ್ಲ. ಗೃಹಸ್ಥನಿಗೆ ಪರಿಗ್ರಹದ ಸಂಪೂರ್ಣ ತ್ಯಾಗವನ್ನು ಹೇಳದೆ ಪರಿಗ್ರಹ ಪರಿಮಾಣವನ್ನು, ಎಂದರೆ ಒಡೆತನಕ್ಕೆ ತಾನೇ ಮಿತಿ ಹಾಕಿಕೊಳ್ಳುವ ಅಣುವ್ರತವನ್ನು ವಿಧಿಸಿದ ಜೈನ ಸಂಪ್ರದಾಯವೂ ಇದನ್ನೇ ಸೂಚಿಸುತ್ತದೆ. ಕಾರಿನ ಮಟ್ಟಿಗೆ ಅರ್ಜನವೆಂದರೆ ಬೆಲೆ ಮತ್ತು ಸಾಲದ ಕಂತು, ರಕ್ಷಣವೆಂದರೆ ಸರ್ವಿಸು ಮತ್ತು ರಿಪೇರಿ, ಕ್ಷಯವೆಂದರೆ ವರ್ಷ ವರ್ಷಕ್ಕೂ ಇಳಿಯುವ ಮರುಮಾರಾಟದ ಬೆಲೆ. ರೂಢಿಯ ಎರಡು ಕಲಮುಗಳು ಈ ಐದರಲ್ಲಿ ರಕ್ಷಣವನ್ನು ಅರ್ಧ ನೋಡುತ್ತವೆ, ಸಂಗ ಮತ್ತು ಹಿಂಸೆಗಳನ್ನು ನೋಡುವುದೇ ಇಲ್ಲ.

ರಕ್ಷಣವನ್ನು ಅರ್ಧವೇ ನೋಡುವುದಕ್ಕೆ ಕಾರಣ ಜ್ಞಾನಕ್ಕೆ ಸಂಬಂಧಿಸಿದ್ದು. ಇಂಧನದ ಉಳಿತಾಯವು ಅನುಮಾನದಿಂದ, ಎಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ತರ್ಕದಿಂದ, ತಿಳಿಯುತ್ತದೆ; ಅನುಮಾನವು ವ್ಯಾಪ್ತಿಯ ಮೇಲೆ, ಎಂದರೆ ಎರಡು ಸಂಗತಿಗಳು ತಪ್ಪದೆ ಜೊತೆಗಿರುವ ಸಂಬಂಧದ ಮೇಲೆ ನಿಲ್ಲುತ್ತದೆ. ಇಷ್ಟು ದೂರ ಓಡಿದರೆ ಇಷ್ಟು ಲೀಟರ್ ಎಂಬುದು ಅಂಥ ಸಂಬಂಧ. ಅದೂ ನಿರುಪಾಧಿಕವಲ್ಲ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ವ್ಯಾಪ್ತಿಯನ್ನು ಕೆಡಿಸುವ ಮರೆಯ ನಿಬಂಧನೆಯನ್ನು ಉಪಾಧಿ ಎಂದು ಕರೆದು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆಂದು ಹೇಳಲಾಗದು, ಏಕೆಂದರೆ ಹೊಗೆ ಬರಲು ಸೌದೆ ಹಸಿಯಾಗಿರಬೇಕೆಂದು ಉದಾಹರಿಸಿದರು. ಪುಣೆಯ ಎಆರ್‌ಎಐ ಸಂಸ್ಥೆಯ ಹೆಸರಿನಲ್ಲಿ ಜಾಹೀರಾತುಗಳಲ್ಲಿ ಕಾಣುವ ಮೈಲೇಜಿನ ಅಂಕಿಗೂ ಇಂಥ ಉಪಾಧಿಯಿದೆ: ಅದು ಪ್ರಯೋಗಶಾಲೆಯ ಉರುಳೆಗಳ ಮೇಲೆ ನಿಗದಿತ ವೇಗಗಳಲ್ಲಿ ಅಳೆದದ್ದು, ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಏಸಿ ಹಾಕಿಕೊಂಡು ನಿಂತಾಗ ಸಿಗುವಂಥದ್ದಲ್ಲ. ಅಂಕಿಯನ್ನು ಓದುವ ಬುದ್ಧಿಗೂ ಒಂದು ಭ್ರಮೆ ಅಂಟಿಕೊಂಡಿದೆ. ವರ್ಷಕ್ಕೆ 12,000 ಕಿ.ಮೀ. ಓಡಿಸುವವನು ಲೀಟರಿಗೆ 10 ಕಿ.ಮೀ. ಕೊಡುವ ಕಾರಿನಿಂದ 12 ಕೊಡುವುದಕ್ಕೆ ಬದಲಾದರೆ 200 ಲೀಟರ್ ಉಳಿಯುತ್ತದೆ. 20 ಕೊಡುವುದರಿಂದ 25 ಕೊಡುವುದಕ್ಕೆ ಬದಲಾದರೆ ಉಳಿಯುವುದು 120 ಲೀಟರ್ ಮಾತ್ರ. ಹೆಚ್ಚಳ ದೊಡ್ಡದಾಗಿ ಕಂಡಲ್ಲಿ ಉಳಿತಾಯ ಸಣ್ಣದಾಗಿರುವ ಈ ವಿಪರೀತವನ್ನು ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬ ಅಮೆರಿಕದ ವಿದ್ವಾಂಸರು 2008ರಲ್ಲಿ ಮೈಲಿ ಮತ್ತು ಗ್ಯಾಲನ್‌ಗಳ ಲೆಕ್ಕದಲ್ಲಿ ತೋರಿಸಿಕೊಟ್ಟರು.

ಇಷ್ಟಾದರೂ ಇಂಧನದ ಲೆಕ್ಕ ತಿದ್ದಿಕೊಳ್ಳಬಹುದಾದದ್ದು. ಕೆಲವು ತಿಂಗಳು ಟ್ಯಾಂಕ್ ತುಂಬಿಸಿ, ಓಡಿದ ದೂರವನ್ನು ಬರೆದಿಟ್ಟರೆ ಸತ್ಯ ಹೊರಬೀಳುತ್ತದೆ. ರಿಪೇರಿಯ ವಿಷಯದಲ್ಲಿ ಈ ಸೌಲಭ್ಯವಿಲ್ಲ. ಇಂಜೆಕ್ಟರ್ ಅಥವಾ ಟರ್ಬೊ ಕೆಡುವ ದಿನದವರೆಗೂ ಅದು ಕೆಡುತ್ತದೆಯೋ ಇಲ್ಲವೋ ಎಂಬುದು ಬರಿಯ ಸಂಭಾವನೆ, ಅಂದರೆ ಆಗಬಹುದೆಂಬ ಎಣಿಕೆ. ಭೌತವಾದಿಯಾದ ಚಾರ್ವಾಕನು ಅನುಮಾನವನ್ನು ಪ್ರಮಾಣವೆಂದು, ಅಂದರೆ ನಂಬಲರ್ಹ ಜ್ಞಾನಸಾಧನವೆಂದು ಒಪ್ಪದೆ, ಲೋಕವ್ಯವಹಾರವೆಲ್ಲ ಇಂಥ ಸಂಭಾವನೆಯಿಂದಲೇ ನಡೆಯುತ್ತದೆಂದು ವಾದಿಸಿದಾಗ, ನೈಯಾಯಿಕರಾದ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಶಂಕೆಗೂ ಒಂದು ಎಲ್ಲೆಯಿದೆಯೆಂದು ಉತ್ತರಿಸಿದರು: ಶಂಕಿಸುವವನ ಸ್ವಂತ ನಡವಳಿಕೆಗೆ ವಿರೋಧ ಬರುವವರೆಗೆ ಮಾತ್ರ ಶಂಕೆಗೆ ಅವಕಾಶ. ಅದ್ವೈತಿಯಾದ ಶ್ರೀಹರ್ಷನು ಈ ಉತ್ತರವನ್ನು ಮುಂದೆ ಖಂಡಿಸಿದನಾದರೂ ಕೊಳ್ಳುವವನಿಗೆ ಉದಯನರ ಮಾತು ಬಹಳ ಉಪಯುಕ್ತ. ಎಲ್ಲ ಭಾಗಗಳೂ ಕೆಡಬಹುದೆಂದು ಹೆದರುವವನು ಯಾವ ವಾಹನವನ್ನೂ ಏರಲಾರನು. ಏರಿದರೆ ಅವನ ಶಂಕೆಯನ್ನು ಅವನ ನಡತೆಯೇ ಸುಳ್ಳಾಗಿಸುತ್ತದೆ. ಆದ್ದರಿಂದ ಆಧಾರವುಳ್ಳ ಶಂಕೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು: ಆ ಮಾದರಿಯಲ್ಲಿ ಮತ್ತೆ ಮತ್ತೆ ಕಂಡ ದೋಷ, ಬಿಡಿಭಾಗದ ಅಭಾವ, ಊರಿನ ಮೆಕ್ಯಾನಿಕ್ ಕೈಹಾಕಲಾಗದ ಎಲೆಕ್ಟ್ರಾನಿಕ್ ವ್ಯವಸ್ಥೆ, ನೂರಾರು ಕಿಲೋಮೀಟರ್ ದೂರದ ಸರ್ವಿಸ್ ಸೆಂಟರ್.

ಆಧಾರವುಳ್ಳ ಶಂಕೆಯನ್ನು ಅಳೆಯುವುದು ಹೇಗೆಂಬುದು ಮುಂದಿನ ಪ್ರಶ್ನೆ. ಸರಾಸರಿಯಿಂದ ಎಂಬ ಉತ್ತರ, ಸಾವಿರಾರು ಬಸ್ಸುಗಳೂ ತನ್ನದೇ ಕಾರ್ಯಾಗಾರಗಳೂ ಇರುವ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದಂಥ ಸಂಸ್ಥೆಗೆ ಒಪ್ಪುತ್ತದೆ, ಏಕೆಂದರೆ ಅಲ್ಲಿ ಒಂದು ಬಸ್ಸಿನ ನಷ್ಟವನ್ನು ಉಳಿದವುಗಳ ಓಟ ತುಂಬಿಕೊಡುತ್ತದೆ. ಒಂದೇ ಕಾರಿರುವ ಮನೆಗೆ ಸರಾಸರಿ ಎಂದೂ ಬರುವುದಿಲ್ಲ. ಬಂದರೆ ಪೂರ್ತಿ ರಿಪೇರಿಯೇ ಬರುತ್ತದೆ, ಇಲ್ಲವಾದರೆ ಏನೂ ಬರುವುದಿಲ್ಲ. ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹಡಗಿನಲ್ಲಿ ಸರಕು ತರಿಸುವ ವ್ಯಾಪಾರಿಯೊಬ್ಬನನ್ನು ಕಲ್ಪಿಸಿ, ನೂರಕ್ಕೆ ಐದು ಹಡಗುಗಳು ಮುಳುಗುತ್ತಿದ್ದರೆ ಅವನು ದುಬಾರಿ ವಿಮೆ ಮಾಡಿಸಬೇಕೇ ಎಂದು ಕೇಳಿದನು. ಉತ್ತರವು ಹಡಗನ್ನು ಅವಲಂಬಿಸಿಲ್ಲ, ವ್ಯಾಪಾರಿಯ ಉಳಿದ ಆಸ್ತಿಯನ್ನು ಅವಲಂಬಿಸಿದೆ. ಆಸ್ತಿ ಕಡಿಮೆಯಿರುವವನು ಸರಾಸರಿಯಲ್ಲಿ ನಷ್ಟವಾದರೂ ವಿಮೆ ಮಾಡಿಸುವುದೇ ವಿವೇಕ. ಕಂತು ಕಟ್ಟುತ್ತಿರುವ ಟ್ಯಾಕ್ಸಿ ಚಾಲಕನ ವಾಹನ ಗ್ಯಾರೇಜಿನಲ್ಲಿ ಹದಿನೈದು ದಿನ ನಿಂತರೆ ರಿಪೇರಿಯ ಬಿಲ್ಲಿನ ಜೊತೆಗೆ ಅಷ್ಟೂ ದಿನದ ಸಂಪಾದನೆ ಹೋಗುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಯೋಗಕ್ಷೇಮವೆಂಬ ಪದವನ್ನು ಶಂಕರಾಚಾರ್ಯರು ಬಿಡಿಸುವಾಗ, ದೊರೆಯದಿದ್ದುದು ದೊರೆಯುವುದು ಯೋಗ, ದೊರೆತದ್ದನ್ನು ಕಾಪಾಡುವುದು ಕ್ಷೇಮ ಎಂದು ವಿವರಿಸುತ್ತಾರೆ. ಮೈಲೇಜಿನ ಮಾತೆಲ್ಲ ಯೋಗದ ಮಾತು. ಆಧಾರ ತೆಳುವಾಗಿರುವ ಸಂಸಾರಕ್ಕೆ ಕ್ಷೇಮವೇ ಮೊದಲ ಕರ್ತವ್ಯವಾದ್ದರಿಂದ, ಟ್ಯಾಕ್ಸಿ ಚಾಲಕನಿಗೆ ಹೆಚ್ಚು ಇಂಧನ ಉಳಿಸುವ ಕಾರಿಗಿಂತ ಊರ ಗ್ಯಾರೇಜಿನಲ್ಲೇ ಸರಿಹೋಗುವ ಕಾರು ಅನೇಕ ವೇಳೆ ಹೆಚ್ಚು ಧರ್ಮಸಮ್ಮತವಾದ ಆಯ್ಕೆ. ಎರಡೂವರೆ ವರ್ಷದ ಲೆಕ್ಕ ಅವನ ಪರವಾಗಿದ್ದರೂ ಈ ಮಾತು ನಿಲ್ಲುತ್ತದೆ.

ಸಂಗದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ, ಉಗಿಯಂತ್ರಗಳು ಕಲ್ಲಿದ್ದಲನ್ನು ಮಿತವಾಗಿ ಬಳಸಲು ಕಲಿತಷ್ಟೂ ದೇಶದ ಒಟ್ಟು ಕಲ್ಲಿದ್ದಲಿನ ಬಳಕೆ ಏರುತ್ತದೆಂದು ತೋರಿಸಿದನು. ಮನೆಯ ಕಾರಿನಲ್ಲಿ ಈ ಏರಿಕೆ ಅಷ್ಟು ದೊಡ್ಡದಾಗಿರಬೇಕೆಂದಿಲ್ಲ. ಆದರೂ ಖರ್ಚು ಕಡಿಮೆಯೆಂಬ ಧೈರ್ಯ ಅನಗತ್ಯ ಪ್ರಯಾಣಗಳಿಗೆ ಎಡೆಮಾಡಿ, ಉಳಿತಾಯದ ಒಂದು ಪಾಲನ್ನು ತಾನೇ ತಿಂದುಹಾಕುತ್ತದೆ.

ಹಿಂಸೆಯ ಮುಂದೆ ಬಂದಾಗ ಎರಡು ಕಲಮುಗಳ ಲೆಕ್ಕ ಸಂಪೂರ್ಣವಾಗಿ ಸೋಲುತ್ತದೆ. ಬಿಎಸ್-6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ ಶೋಧಕವಿರುತ್ತದೆ. ಅದು ಹೊಗೆಯಲ್ಲಿನ ಸೂಕ್ಷ್ಮವಾದ ಮಸಿಕಣಗಳನ್ನು ಹಿಡಿದಿಟ್ಟುಕೊಂಡು, ಕೊಳವೆ ಚೆನ್ನಾಗಿ ಕಾದಾಗ ಸುಟ್ಟು ಬೂದಿ ಮಾಡುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ದೂರ ಓಡಿದರೆ ಅಷ್ಟು ಕಾವು ಹುಟ್ಟುತ್ತದೆ, ನಗರದೊಳಗಿನ ನಾಲ್ಕಾರು ಕಿಲೋಮೀಟರ್‌ಗಳ ಓಡಾಟದಲ್ಲಿ ಹುಟ್ಟುವುದಿಲ್ಲ. ಆಗ ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿ, ಕೊನೆಗೆ ಶೋಧಕವನ್ನೇ ದೊಡ್ಡ ಮೊತ್ತ ತೆತ್ತು ಬದಲಿಸಬೇಕಾದ ಸ್ಥಿತಿ ಬರಬಹುದು. ಈ ವೆಚ್ಚ ತಪ್ಪಿಸಲು ಶೋಧಕವನ್ನು ತೆಗೆಸಿ, ಇಂಜಿನ್‌ನ ಕಂಪ್ಯೂಟರ್ ಅದನ್ನು ಗುರುತಿಸದಂತೆ ಸಾಫ್ಟ್‌ವೇರ್ ತಿದ್ದಿಸುವ ಅಡ್ಡದಾರಿಯೂ ಇದೆ. ಹಾಗೆ ಮಾಡಿದವನ ರಿಪೇರಿಯ ಕಲಮು ಹಗುರಾಗುತ್ತದೆ; ಹೊಗೆಯ ದಾರಿಯಲ್ಲಿದ್ದ ತಡೆ ಹೋದದ್ದರಿಂದ ಇಂಧನದ ಕಲಮಿನಲ್ಲಿಯೂ ಚೂರು ಲಾಭ ಕಾಣಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ ಡೀಸೆಲ್ ಹೊಗೆಯನ್ನು ಸಿಗ್ನಲ್‌ನಲ್ಲಿ ನಿಂತ ಪೊಲೀಸನೂ ರಸ್ತೆಯ ಅಂಚಿನಲ್ಲಿ ಹೂವು ಮಾರುವವಳೂ ಸೇವಿಸುತ್ತಾರೆ, ಅವರ ಹೆಸರು ಎರಡು ಕಲಮುಗಳಲ್ಲಿ ಎಲ್ಲಿಯೂ ಇಲ್ಲ. ಅಧರ್ಮವೊಂದನ್ನು ಎರಡೂ ಕಡೆಯಿಂದ ಲಾಭವೆಂದು ತೋರಿಸುವ ಲೆಕ್ಕವನ್ನು ನಿರ್ಧಾರದ ಅಳತೆಗೋಲಾಗಿ ಒಪ್ಪಲಾಗದು.

ಇದರಿಂದ ರಿಪೇರಿಯೆಂಬ ಒಂದೇ ಹೆಸರಿನಡಿಯಲ್ಲಿ ಎರಡು ಭಿನ್ನ ವಸ್ತುಗಳು ಅಡಗಿವೆಯೆಂದು ತಿಳಿಯುತ್ತದೆ. ಕ್ಲಚ್ ಪ್ಲೇಟಿಗೆ ಕೊಡುವ ಹಣ ಮಾಲೀಕನ ಸ್ವಂತ ರಕ್ಷಣದ ಬೆಲೆ; ಅದನ್ನು ಇಂಧನದ ಉಳಿತಾಯದೊಡನೆ ತೂಗುವುದರಲ್ಲಿ ತಪ್ಪಿಲ್ಲ. ಶೋಧಕಕ್ಕೆ ಕೊಡುವ ಹಣ ಪರರ ಉಸಿರಿಗೆ ಸಲ್ಲಬೇಕಾದ ಋಣ. ಅದನ್ನು ತೂಕಕ್ಕೆ ಇಡದೆ ಮೊದಲೇ ತೆಗೆದಿಡಬೇಕು. ಈ ಋಣ ಕೊಳ್ಳುವ ದಿನವೇ ಹುಟ್ಟುವುದರಿಂದ, ಪ್ರತಿದಿನ ನಗರದೊಳಗೆ ಅಲ್ಪದೂರವಷ್ಟೇ ಓಡಾಡುವವನು, ಶೋಧಕ ಕಟ್ಟಿಕೊಳ್ಳುವುದೆಂದು ಮುಂಚಿತವಾಗಿ ತಿಳಿದಿದ್ದೂ, ಮೈಲೇಜಿಗೆ ಆಸೆಪಟ್ಟು ಡೀಸೆಲ್ ಕಾರನ್ನು ಆರಿಸುವುದು ದೋಷವೇ. ವಾರಕ್ಕೆರಡು ಬಾರಿ ಹುಬ್ಬಳ್ಳಿಗೋ ಮಂಗಳೂರಿಗೋ ಹೆದ್ದಾರಿಯಲ್ಲಿ ಹೋಗಿಬರುವವನು ಅದನ್ನೇ ಕೊಳ್ಳುವುದರಲ್ಲಿ ಆ ದೋಷವಿಲ್ಲ. ತಿಂಗಳ ಇಂಧನದ ಉಳಿತಾಯದಲ್ಲಿ ಒಂದು ಪಾಲನ್ನು ಶೋಧಕದ ಹೆಸರಿನಲ್ಲಿ ಬೇರೆಯಾಗಿ ಇಟ್ಟು, ಉಳಿದದ್ದನ್ನು ಮಾತ್ರ ತನ್ನ ಉಳಿತಾಯವೆಂದು ಅವನು ಎಣಿಸಬಹುದು.