ಸತ್ಸಂಗದಲ್ಲಿ ಹೇಳುವವರು, ಕೇಳುವವರು



ಶ್ರೀಹರಿವಾಯುಗುರುಗಳ ಅನುಗ್ರಹದಿಂದ ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳು ಭಾನುವಾರಗಳಲ್ಲಿ ಒಂದೆಡೆ ಸೇರಿ, ವಿಷ್ಣುಸಹಸ್ರನಾಮ ಪಾರಾಯಣವಾದ ಬಳಿಕ ತಮ್ಮಲ್ಲಿಯೇ ಇಬ್ಬರು ಮೂವರಿಂದ ಕಿರುಪ್ರವಚನಗಳನ್ನು ಮಾಡಿಸುತ್ತಿರುವುದು ಸಂತೋಷದ ಸಂಗತಿ. ಒಬ್ಬರು ರಿಫೈನರಿಯ ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದಿರುತ್ತಾರೆ. ಇನ್ನೊಬ್ಬ ತಾಯಿ ನೈವೇದ್ಯದ ಅಡಿಗೆಯನ್ನು ಇಳಿಸಿ ಬಂದು ಗಜೇಂದ್ರಮೋಕ್ಷವನ್ನು ಹೇಳುತ್ತಾರೆ. ಪಂಡಿತರು ಪ್ರತಿ ತಿಂಗಳೂ ಇಷ್ಟು ದೂರ ಬರುವುದು ಸಾಧ್ಯವಿಲ್ಲದಿರುವಾಗ ಜ್ಞಾನಕಾರ್ಯ ನಿಲ್ಲದಂತೆ ನೋಡಿಕೊಂಡವರು ಈ ಗೃಹಸ್ಥರೇ.

ಆದರೂ ಎರಡು ಆಕ್ಷೇಪಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. "ಶಾಸ್ತ್ರ ಓದದ ನಮಗೆ ಹೇಳುವ ಅಧಿಕಾರವೆಲ್ಲಿಯದು?" ಎಂಬುದು ಒಂದು. "ದೊಡ್ಡ ದೊಡ್ಡ ವಿದ್ವಾಂಸರ ಪ್ರವಚನಗಳು ಮೊಬೈಲಿನಲ್ಲಿಯೇ ಸಿಗುತ್ತಿರುವಾಗ ಇವರ ಮಾತನ್ನೇಕೆ ಕೇಳಬೇಕು?" ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಭಾಗವತವೇ ಸಮಾಧಾನ ಹೇಳುತ್ತದೆ. ಶುಕಾಚಾರ್ಯರು ಪರೀಕ್ಷಿದ್ರಾಜನಿಗೆ ಉಪದೇಶಿಸುತ್ತಿದ್ದಾಗ ಸೂತರು ಆ ಸಭೆಯಲ್ಲಿ ಕುಳಿತು ಕೇಳಿದವರು. ಅನಂತರ ನೈಮಿಷಾರಣ್ಯದಲ್ಲಿ ಶೌನಕಾದಿಗಳು ಕೇಳಿದಾಗ, ತಾವು ಅಲ್ಲಿ ಕೇಳಿದ್ದನ್ನು ತಿಳಿದಷ್ಟು ಹೇಳುವೆನೆಂದು ಆರಂಭಿಸಿದರು. ಗೃಹಸ್ಥನ ಅಧಿಕಾರವೂ ಇಷ್ಟೇ, ಕೇಳಿದ್ದನ್ನು ಕೇಳಿದಂತೆ ಹೇಳುವುದು. ಯಾವ ಗ್ರಂಥದಲ್ಲಿ ಓದಿದೆ, ಯಾರ ಮುಖದಿಂದ ಕೇಳಿದೆ ಎಂಬುದನ್ನು ಮೊದಲು ತಿಳಿಸಬೇಕು. ತಿಳಿಯದ್ದನ್ನು ಯಾರಾದರೂ ಕೇಳಿದರೆ "ವಿಚಾರಿಸಿ ಹೇಳುತ್ತೇನೆ" ಎನ್ನಬೇಕು. ಸ್ವಕಪೋಲಕಲ್ಪಿತವನ್ನು ಸೇರಿಸಲಾಗದು. (ಹತ್ತು ನಿಮಿಷದ ಪ್ರವಚನದಲ್ಲಿ ಐದು ನಿಮಿಷ ಪ್ರಸಾದದ ವ್ಯವಸ್ಥೆ ಮಾಡಿದವರ ಸ್ತುತಿಗೇ ವ್ಯಯವಾಗುವುದನ್ನೂ ಕಂಡಿದ್ದೇನೆ. ಅದನ್ನು ಕೊನೆಯಲ್ಲಿ ಒಂದು ವಾಕ್ಯದಲ್ಲಿ ಮುಗಿಸಬಹುದು.)

ಎರಡನೆಯ ಆಕ್ಷೇಪವೇ ಹೆಚ್ಚು ವಿಚಾರಾರ್ಹವಾದುದು. ಮೊಬೈಲಿನ ಪ್ರವಚನದಿಂದ ಶ್ರವಣವಾಗುತ್ತದೆ, ಸಂದೇಹವಿಲ್ಲ. ಆದರೆ ಅದನ್ನು ಎದುರು ಪ್ರಶ್ನಿಸಲು ಬರುವುದಿಲ್ಲ. ಗೀತೆಯಲ್ಲಿ ಭಗವಂತನು ಜ್ಞಾನಾರ್ಜನೆಯ ಮಾರ್ಗವನ್ನು ಹೇಳುವಾಗ ಪ್ರಣಿಪಾತ, ಸೇವೆಗಳ ನಡುವೆ ಪರಿಪ್ರಶ್ನವನ್ನೂ ಇಟ್ಟಿದ್ದಾನೆ. ಶ್ರೀಮದಾಚಾರ್ಯರು 'ಕಥಾಲಕ್ಷಣ' ಎಂಬ ಪ್ರಕರಣಗ್ರಂಥದಲ್ಲಿ ವಾದ, ಜಲ್ಪ, ವಿತಂಡೆಗಳ ಭೇದವನ್ನು ನಿರೂಪಿಸಿದ್ದಾರೆ. ತತ್ತ್ವನಿರ್ಣಯಕ್ಕಾಗಿ ಸಜ್ಜನರು ನಡೆಸುವುದು ವಾದ, ಖ್ಯಾತಿಗಾಗಿಯೋ ಸ್ಪರ್ಧೆಯಿಂದಲೋ ನಡೆಸುವುದು ಜಲ್ಪ. ನಮ್ಮ ಗೋಷ್ಠಿಗಳಲ್ಲಿ ಪ್ರಶ್ನೆ ಎದ್ದೊಡನೆ ಹೇಳುವವರ ಮುಖ ಬಾಡುವುದಾದರೆ, ಅಥವಾ ಹೇಳುವವರನ್ನು ಸಿಕ್ಕಿಸಲೆಂದೇ ಪ್ರಶ್ನೆ ಬರುವುದಾದರೆ, ಅಲ್ಲಿ ವಾದವು ಜಲ್ಪವಾಯಿತೆಂದೇ ತಿಳಿಯಬೇಕು.

ಪ್ರಶ್ನೆಯ ಫಲವೇನೆಂಬುದನ್ನು 'ಸುಮಧ್ವವಿಜಯ'ದಲ್ಲಿ ಕಾಣಬಹುದು. ಇಂದಿನ ಕಾಸರಗೋಡು ಸೀಮೆಯ ತ್ರಿವಿಕ್ರಮ ಪಂಡಿತರು ಸಾಮಾನ್ಯರಲ್ಲ. ಕವಿಗಳು, ಅದ್ವೈತಶಾಸ್ತ್ರದಲ್ಲಿ ನುರಿತವರು, ಗೃಹಸ್ಥರು. ಜಯಸಿಂಹರಾಜನ ಸೀಮೆಗೆ ಶ್ರೀಮದಾಚಾರ್ಯರು ದಯಮಾಡಿಸಿದಾಗ ಇವರು ಎದುರು ಕುಳಿತು ಆಕ್ಷೇಪಗಳನ್ನು ಒಂದೊಂದಾಗಿ ಮುಂದಿಟ್ಟರು. ಈ ವಾದವು 15 ದಿನ ನಡೆಯಿತೆಂದು ಪರಂಪರೆ ಹೇಳುತ್ತದೆ. ಆಚಾರ್ಯರು ಒಂದು ಆಕ್ಷೇಪವನ್ನೂ ತಳ್ಳಿಹಾಕಲಿಲ್ಲ, ಎಲ್ಲಕ್ಕೂ ಉತ್ತರ ಕೊಟ್ಟರು. ಕೊನೆಗೆ ಪಂಡಿತರು ಶಿಷ್ಯತ್ವವನ್ನು ಬೇಡಿ, ಆಜ್ಞಾನುಸಾರ ಸೂತ್ರಭಾಷ್ಯಕ್ಕೆ 'ತತ್ತ್ವಪ್ರದೀಪ'ವೆಂಬ ಟೀಕೆಯನ್ನು ರಚಿಸಿದರು. ಅಷ್ಟಕ್ಕೇ ಸುಮ್ಮನಾಗದೆ, ಯುಕ್ತಿಗಳೆಲ್ಲ ಸ್ಪಷ್ಟವಾಗಿರುವ ಇನ್ನೊಂದು ಗ್ರಂಥವನ್ನು ಅನುಗ್ರಹಿಸಬೇಕೆಂದು ಪ್ರಾರ್ಥಿಸಿದರು. ಆ ಪ್ರಾರ್ಥನೆಯಿಂದ 'ಅನುವ್ಯಾಖ್ಯಾನ' ಬಂತು. ಅದಕ್ಕೆ ಶ್ರೀಜಯತೀರ್ಥರು ಬರೆದ ಟೀಕೆಯೇ 'ನ್ಯಾಯಸುಧಾ'. ಇಂದಿಗೂ ವಿದ್ಯಾರ್ಥಿಗಳು ಹತ್ತಾರು ವರ್ಷ ಓದಿ, ಸುಧಾಮಂಗಳದಲ್ಲಿ ಪಂಡಿತರ ಪ್ರಶ್ನೆಗಳನ್ನು ಎದುರಿಸುವ ಆ ಮಹಾಗ್ರಂಥದ ಮೂಲವನ್ನು ಹುಡುಕಿದರೆ, ಒಬ್ಬ ಗೃಹಸ್ಥರು ಸಭೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಬಂದು ನಿಲ್ಲುತ್ತೇವೆ.

ಇನ್ನು ಕೆಲವು ತಿಂಗಳ ಹಿಂದೆ ಇಂತಹದೇ ಒಂದು ಗೋಷ್ಠಿಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳಬೇಕು. ಇಲ್ಲಿಯೇ ಹುಟ್ಟಿ ಬೆಳೆದ ಹತ್ತು-ಹನ್ನೊಂದು ವರ್ಷದ ಬಾಲಿಕೆಯೊಬ್ಬಳು ಪ್ರಹ್ಲಾದಚರಿತ್ರೆಯನ್ನು ಹೇಳಲು ಎದ್ದು ನಿಂತಳು. ಆರಂಭ ಕನ್ನಡದಲ್ಲಿಯೇ ಆಯಿತು. ಎರಡು ಮೂರು ವಾಕ್ಯಗಳಾದ ಮೇಲೆ ಪದಗಳು ತೊಡರಿದವು. ಮಗು ತನಗರಿವಿಲ್ಲದೆಯೇ ಗುಜರಾತಿಗೆ ಹೊರಳಿ ನಿರರ್ಗಳವಾಗಿ ಹೇಳತೊಡಗಿತು. ಹಿರಿಯರೊಬ್ಬರು "ಕನ್ನಡದಲ್ಲಿ ಹೇಳಮ್ಮ, ಇಲ್ಲವಾದರೆ ಬೇಡ" ಎಂದರು. ಅವಳು ಅಮ್ಮನ ಮುಖ ನೋಡಿ, ಸುಮ್ಮನೆ ಕುಳಿತುಬಿಟ್ಟಳು.

ಆ ಹಿರಿಯರ ನೋವು ಸುಳ್ಳಲ್ಲ. ಮೊಮ್ಮಕ್ಕಳಿಗೆ ದಾಸರ ಪದದ ಅರ್ಥ ತಿಳಿಯದೆ ಹೋಗುವುದನ್ನು ಪ್ರತಿದಿನ ನೋಡುವವರಿಗೇ ಆ ಸಂಕಟ ಗೊತ್ತು. ಆದರೂ ಅವರು ಆಡಿದ ಮಾತು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಆ ಮಗು ನಿಲ್ಲಿಸಿದ ಸಂದರ್ಭವನ್ನು ಗಮನಿಸಿ. ಗುರುಗಳು ಮನೆಗೆಲಸಕ್ಕೆ ಹೋದಾಗ, ಆಟಕ್ಕೆ ಕರೆದ ದೈತ್ಯಬಾಲಕರನ್ನೇ ಕೂರಿಸಿಕೊಂಡು ಪ್ರಹ್ಲಾದರಾಜರು ಹರಿಭಕ್ತಿಯನ್ನು ಉಪದೇಶಿಸುವ ಸಂದರ್ಭವದು. ತಾಯಿಯ ಗರ್ಭದಲ್ಲಿದ್ದಾಗ ನಾರದರಿಂದ ಕೇಳಿದ್ದನ್ನು, ತನ್ನ ವಯಸ್ಸಿನ ಮಕ್ಕಳಿಗೆ ತಿಳಿಯುವಂತೆ ಹೇಳಿದ ಬಾಲಕನ ಕಥೆಯನ್ನು ಹೇಳುತ್ತಿದ್ದ ಬಾಲಿಕೆಯನ್ನೇ ನಾವು ಸುಮ್ಮನಾಗಿಸಿದೆವು!

ಹರಿಕಥೆಗೆ ಭಾಷೆಯ ಮಡಿ ಎಂದೂ ಇರಲಿಲ್ಲ. ಸಂಸ್ಕೃತದಲ್ಲಿದ್ದ ಪ್ರಮೇಯಗಳನ್ನು ದಾಸರಾಯರು ಕನ್ನಡಕ್ಕೆ ತಂದದ್ದರಿಂದಲೇ ನಮ್ಮ ಅಜ್ಜಿಯರಿಗೆ 'ಹರಿಕಥಾಮೃತಸಾರ' ದಕ್ಕಿತು. ತ್ರಿವಿಕ್ರಮ ಪಂಡಿತರು 'ಉಷಾಹರಣ'ವೆಂಬ ಸಂಸ್ಕೃತಕಾವ್ಯವನ್ನು ರಚಿಸಿದ್ದರು. ಅದೇ ಉಷಾ-ಅನಿರುದ್ಧರ ಕಥೆಯನ್ನು 17ನೆಯ ಶತಮಾನದಲ್ಲಿ ಇದೇ ವಡೋದರೆಯ ಪ್ರೇಮಾನಂದ ಕವಿ ಗುಜರಾತಿಯಲ್ಲಿ 'ಓಖಾಹರಣ'ವಾಗಿ ಹಾಡಿದ. 'ಮಾಣ್' ಎಂಬ ಲೋಹದ ಕೊಡದ ಮೇಲೆ ಉಂಗುರ ತೊಟ್ಟ ಬೆರಳುಗಳಿಂದ ತಾಳ ಹಾಕುತ್ತ, ನೆರೆದ ಜನರ ಮುಂದೆ ಆಖ್ಯಾನ ಹೇಳುವ ಪರಂಪರೆ ಆತನದು. ಈಗಲೂ ಚೈತ್ರಮಾಸದಲ್ಲಿ ಇಲ್ಲಿನ ಮನೆಗಳಲ್ಲಿ ಓಖಾಹರಣವನ್ನು ಓದಿಸುತ್ತಾರೆ. ನಮ್ಮ ಮಕ್ಕಳು ನೆರೆಮನೆಯಲ್ಲಿ ಕುಳಿತು ಕೇಳುವ ಕಥೆಯೂ ನಮ್ಮ ಕೃಷ್ಣನ ಮೊಮ್ಮಗನದೇ. ನಾವು ನಿತ್ಯ ಹಚ್ಚಿಕೊಳ್ಳುವ ಗೋಪೀಚಂದನಕ್ಕೂ ಈ ನಾಡಿನ ಗೋಪಿತಳಾವಿನ ಮಣ್ಣೇ ಮೂಲವಲ್ಲವೇ?

ಕನ್ನಡವನ್ನು ಬಿಡಿರೆಂದು ಇದರ ಅರ್ಥವಲ್ಲ. ದಾಸರ ಪದವನ್ನು ಮಗು ಕನ್ನಡದಲ್ಲಿಯೇ ಕಂಠಪಾಠ ಮಾಡಲಿ, ಅದರ ಅರ್ಥವನ್ನು ತನಗೆ ಬಂದ ಮಾತಿನಲ್ಲಿ ಹೇಳಲಿ. ತೊಡರಿದ ಕಡೆ ಕನ್ನಡದ ಪದವನ್ನು ಹಿರಿಯರು ಮೆಲ್ಲನೆ ಎತ್ತಿಕೊಡಲಿ. ಹೀಗೆ ಎತ್ತಿಕೊಟ್ಟ ಪದ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ, ಗದರಿಕೆಯಿಂದ ನಿಲ್ಲುವುದು ಭಯ ಮಾತ್ರ.

ಮುಂದಿನ ಗೋಷ್ಠಿಯಲ್ಲಿ ಮೊದಲ ಪ್ರವಚನ ಆ ಬಾಲಿಕೆಯದೇ ಆಗಲೆಂದು ಅಲ್ಲಿನವರಲ್ಲಿ ವಿನಂತಿಸಿಕೊಂಡಿದ್ದೇನೆ. ಪ್ರಹ್ಲಾದರಾಜರು ಗೆಳೆಯರನ್ನು ಕೂರಿಸಿಕೊಂಡ ಕಡೆಯಿಂದಲೇ ಅವಳು ಕಥೆಯನ್ನು ಮುಂದುವರಿಸಲಿ. ಪಕ್ಕದಲ್ಲಿ ಪದ ಎತ್ತಿಕೊಡಲು ಆ ಹಿರಿಯರೇ ಕುಳಿತುಕೊಳ್ಳಲು ಒಪ್ಪಿದ್ದಾರೆ.

ಶ್ರೀಕೃಷ್ಣಾರ್ಪಣಮಸ್ತು.