ಮರಿ ಬೇರೆ ಮಾಡುವ ಹೊತ್ತು

ಕೋಳಿಮರಿಗಳನ್ನು ತಾಯಿಯಿಂದ ಯಾವಾಗ ಬೇರೆ ಮಾಡಬೇಕು ಅಂತ ನಮ್ಮ ಓಣಿಯಲ್ಲಿ ಕೇಳಿ ನೋಡಿರಿ, ಒಬ್ಬೊಬ್ಬರದು ಒಂದೊಂದು ಲೆಕ್ಕ. ಎಂಟು ದಿವಸ ಅನ್ನುವವರಿದ್ದಾರೆ, ತಿಂಗಳು ಅನ್ನುವವರಿದ್ದಾರೆ. ನನ್ನ ಹೆಂಡತಿಯನ್ನು ಕೇಳಿದರೆ, “ನಾವ್ಯಾಕ ಮಾಡಬೇಕ್ರಿ? ಅದರ ಅವ್ವನ ಮಾಡತಾಳ” ಅಂತಾಳೆ. ಈ ಮಾತು ನನಗೆ ಬಹಳ ದಿವಸ ಬರೀ ಹಟದ ಮಾತಾಗಿ ಕಂಡಿತ್ತು.

ನಾನು ಇಚಲಕರಂಜಿಯಲ್ಲಿ 22 ವರ್ಷ ಮಗ್ಗ ನಡೆಸಿದವನು. ಕಿವಿ ಮಂದ ಆದಮೇಲೆ ಗಡಹಿಂಗ್ಲಜ ತಾಲೂಕಿನ ನಮ್ಮೂರಿಗೆ ಬಂದು, ಹಿತ್ತಲಲ್ಲಿ ನಾಲ್ಕು ಕೋಳಿ ಕಟ್ಟಿಕೊಂಡೆ. ಮಗ್ಗದವನಿಗೆ ಮೀಟರಿನ ಲೆಕ್ಕ ರಕ್ತದಾಗ ಇರತೈತಿ. ಜವಾರಿ ಹ್ಯಾಟಿ ಹತ್ತು ಹದಿನೈದು ತತ್ತಿ ಇಟ್ಟು ಕಾವಿಗೆ ಕೂರುತ್ತದೆ. ಇಪ್ಪತ್ತೊಂದು ದಿವಸಕ್ಕೆ ಮರಿ. ಆಮೇಲೆ ಮರಿ ಸಾಕುತ್ತ ಒಂದೂವರೆ ಎರಡು ತಿಂಗಳು ಒಂದು ತತ್ತಿಯೂ ಇಲ್ಲ. ಹೀಗಾಗಿ ವರ್ಷಕ್ಕೆ ಮೂರೋ ನಾಲ್ಕೋ ಸಲ ಮಾತ್ರ ತತ್ತಿಯ ಸುಗ್ಗಿ. ಮರಿಗಳನ್ನು ಬೇಗ ತೆಗೆದುಬಿಟ್ಟರೆ ಕೋಳಿ ಬೇಗ ತತ್ತಿಗೆ ಬರುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ.

ಅದಕ್ಕೇ ಒಂದು ಸಲ ಮೂರನೇ ದಿವಸವೇ ಹನ್ನೊಂದು ಮರಿ ತೆಗೆದು ಒಳಕೋಣೆಯಲ್ಲಿ ಬುಟ್ಟಿಯೊಳಗೆ ಇಟ್ಟು, ಮೇಲೆ ಬಲ್ಬು ಇಳಿಬಿಟ್ಟೆ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರವಾರಕ್ಕೆ ಇಳಿಸುತ್ತ ಹೋಗಬೇಕು ಅಂತ ತಿಳಿದುಕೊಂಡಿದ್ದೆ. ಹ್ಯಾಟಿ ಒಂದು ಹಗಲು ಒಂದು ರಾತ್ರಿ ಹೊಸ್ತಿಲ ಸುತ್ತ ಕೂಗಿತು. ಮರುದಿವಸ ಕೂಗು ಕಡಿಮೆ ಆಯಿತು. ಮೂರನೇ ದಿವಸ ತಿಪ್ಪೆ ಕೆದರುತ್ತಿತ್ತು. ನೋಡು, ಸುಮ್ಮನಾತು ಅಂತ ಹೆಂಡತಿಗೆ ಹೇಳಿದೆ. ಆಕೆ ಮಾತಾಡಲಿಲ್ಲ.

ಐದನೇ ರಾತ್ರಿ ಕರೆಂಟು ಹೋಯಿತು. ನನಗೆ ನಿದ್ದೆ. ಬೆಳಿಗ್ಗೆ ನೋಡಿದರೆ ಚಳಿಗೆ ಒಂದರ ಮೇಲೊಂದು ಒತ್ತಿಕೊಂಡು, ಅಡಿಯಲ್ಲಿದ್ದ ನಾಲ್ಕು ಮರಿ ಸತ್ತಿದ್ದವು. ಕರೆಂಟಿನವರ ಮೇಲೆ ಹಾಕೋದು ಸುಲಭ. ಆದರೆ ತಾಯಿಯ ರೆಕ್ಕೆಗೆ ಲೋಡ್ ಶೆಡ್ಡಿಂಗ್ ಇಲ್ಲ. ಆಕೆಯ ಕೆಲಸ ನಾನು ಮಾಡತೇನಿ ಅಂತ ಕಸಕೊಂಡವನು ನಾನು, ಮಲಗಿದವನೂ ನಾನೇ.

ಈ ಕತೆಯನ್ನು ವಾಚನಾಲಯದ ಕಟ್ಟೆಯ ಮೇಲೆ ಹೇಳಿದಾಗ ನಮ್ಮ ಮಾಸ್ತರರು ಒಂದು ಸವಾಲು ಹಾಕಿದರು. ನಿಮ್ಮ ತಪ್ಪು ಬಲ್ಬಿನದು, ಬೇರೆ ಮಾಡಿದ್ದರದಲ್ಲ. ಕೋಳಿ ಎರಡು ದಿವಸಕ್ಕೆ ಮರೀತು. ಮರೆತ ದುಃಖ ದುಃಖವೇನು? ಪೆಟ್ಟಿಗೆಯಲ್ಲಿ ಹುಟ್ಟುವ ಮರಿಗಳನ್ನು ನೋಡಿರಿ, ಅವಕ್ಕೆ ತಾಯಿಯ ಮುಖವೇ ಗೊತ್ತಿಲ್ಲ, ಬದುಕುವುದಿಲ್ಲವೇ?

ಬದುಕುತ್ತವೆ. ಮರಿ ಹೊರಬೀಳುವ ಮುಂಚೆ ತತ್ತಿಯ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಅದರ ಬಲದ ಮೇಲೆ ಎರಡು ಮೂರು ದಿವಸ ಕಾಳು ನೀರು ಇಲ್ಲದೆ ಇರಬಲ್ಲದು. ಬಣ್ಣ ಹಚ್ಚಿದ ಮರಿಗಳನ್ನು ಮೊಪೆಡ್ ಮೇಲೆ ಊರೂರಿಗೆ ಮಾರಲಿಕ್ಕೆ ತರುತ್ತಾರಲ್ಲ, ದೊಡ್ಡ ಕೇಂದ್ರಗಳಿಂದ ದೂರದೂರಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸುತ್ತಾರಲ್ಲ, ಎಲ್ಲಾ ಆ ಹಳದಿಯ ದಯೆ. ಅಮೆರಿಕದಲ್ಲಿ 1918ರಿಂದ ಟಪಾಲಿನಲ್ಲೇ ಮರಿ ಕಳಿಸುತ್ತ ಬಂದಿದ್ದಾರೆ. ಇನ್ನು ತಾಯಿಯ ಗುರುತಿನ ಮಾತು. ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಜ್ ಅನ್ನುವ ವಿಜ್ಞಾನಿಯ ಹಿಂದೆ ಹೆಬ್ಬಾತಿನ ಮರಿಗಳು ಆತನೇ ತಾಯಿ ಅಂತ ಸಾಲಾಗಿ ಓಡಾಡುತ್ತಿದ್ದವು. ಕಣ್ಣು ಬಿಟ್ಟಾಗ ಕಂಡವನು ಆತ. ಆತನಿಗೆ 1973ರಲ್ಲಿ ನೊಬೆಲ್ ಬಂತು. ನನ್ನ ಉಳಿದ ಏಳು ಮರಿಗಳೂ ಚೆನ್ನಾಗಿಯೇ ಬೆಳೆದವು. ಮಾಸ್ತರರಿಗೆ ಆವತ್ತು ನನ್ನಲ್ಲಿ ಉತ್ತರ ಇರಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿದೆ. ಆಕೆ ರೊಟ್ಟಿ ತಟ್ಟುತ್ತಿದ್ದಳು. ತಟ್ಟುತ್ತಲೇ ಹೇಳಿದಳು: “ಹುಡುಗನ್ನ ಊರಿಗೆ ಬಿಟ್ಟು ಬಂದಾಗ ನಾನೂ ಎರಡ ದಿವಸ ಅತ್ತಿದ್ನಿ. ಮೂರನೇ ದಿವಸ ಕಾಂಡಿ ಮಷೀನಿಗೆ ಹೋದ್ನಿ. ಆವಾಗೂ ನೀವು ಹಿಂಗ ಅಂದಿದ್ರಿ, ಸುಮ್ಮನಾದ್ಲು ಅಂತ.”

ಅಂದದ್ದು ನಿಜ. ಮಗನಿಗೆ ಆಗ ಒಂದೂವರೆ ವರ್ಷ. ಇಬ್ಬರೂ ದುಡಿದರೆ ಮಾತ್ರ ಖೋಲಿಯ ಬಾಡಿಗೆ ಹೋಗಿ ನಾಲ್ಕು ದುಡ್ಡು ಉಳಿಯುತ್ತಿತ್ತು. ಮಗ್ಗದ್ದು ಹನ್ನೆರಡು ತಾಸಿನ ಪಾಳಿ. ಹುಡುಗನನ್ನು ನಮ್ಮವ್ವನ ಹತ್ತಿರ ಊರಲ್ಲಿ ಬಿಟ್ಟೆವು. ಅವ್ವ ಕಡಿಮೆ ಮಾಡಲಿಲ್ಲ, ಹಾಲು ಬೆಣ್ಣೆಯಲ್ಲೇ ಬೆಳೆಸಿದಳು. ಐದು ವರ್ಷದವನಾಗಿ ಶಾಲೆಗೆಂದು ನಮ್ಮ ಹತ್ತಿರ ಬಂದಾಗ, ತನ್ನ ತಾಯಿಯನ್ನು “ವೈನಿ” ಅಂತ ಕರೆದ. ನನ್ನ ತಂಗಿ ಕರೆಯುವುದನ್ನು ಕೇಳಿ ಕಲಿತದ್ದು. ನಾವೆಲ್ಲ ನಕ್ಕೆವು. ಆಕೆಯೂ ನಕ್ಕಳು. ಆ ನಗುವನ್ನು ನಾನು ಇಷ್ಟು ವರ್ಷ ನಗು ಅಂತಲೇ ತಿಳಿದಿದ್ದೆ.

ಹೆಂಗಸನ್ನೂ ಹ್ಯಾಟಿಯನ್ನೂ ಒಂದು ತಕ್ಕಡಿಯಲ್ಲಿ ಇಡುತ್ತಿಲ್ಲ. ಕೋಳಿ ನಿಜವಾಗಿಯೂ ಮರೆತಿರಬಹುದು. ಆದರೆ ಮರೆತದ್ದು, ಸುಮ್ಮನಾದದ್ದು, ಇವೆರಡೂ ಹೊರಗೆ ನಿಂತವನ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಮತ್ತೆ ಹೊರಗೆ ನಿಂತು ನೋಡುವವನಿಗೆ ತತ್ತಿಯ ಆಸೆ ಇರುತ್ತದೆ. ಮಾಸ್ತರರಿಗೆ ನಾನು ಈಗ ಕೊಡುವ ಉತ್ತರ ಇಷ್ಟೇ: ಲಾಭ ಇರುವವನು ಮರೀತು ಅಂತ ತೀರ್ಪು ಹೇಳಬಾರದು.

ಹಾಗಂತ ಕೋಳಿಯನ್ನು ದೇವತೆ ಮಾಡುವುದೂ ಬೇಡ. ಕೋಳಿ ತುಳಿದರೆ ಮರಿ ಸತ್ತೀತೇ ಅನ್ನುತ್ತಾರೆ. ಸಾಯುತ್ತವೆ, ನಾನು ಕಂಡಿದ್ದೇನೆ. ನಮ್ಮ ಕಡೆಯ ಆಷಾಢದ ಜಡಿಮಳೆಯಲ್ಲಿ ಮರಿಗಳನ್ನು ಕಟ್ಟಿಕೊಂಡು ಹಸಿ ಹುಲ್ಲಿಗೆ ಹೋಗುವ ಬುದ್ಧಿಗೇಡಿ ಕೋಳಿಗಳೂ ಇವೆ. ಮರಿ ಕುಕ್ಕಿ ಕೊಲ್ಲುವ ತಾಯಿಯಿಂದ ಮೊದಲ ದಿವಸವೇ ತೆಗೆಯಬೇಕು, ಅದಕ್ಕೆ ಪಾಪ ಪುಣ್ಯ ನೋಡಬಾರದು. ಮಳೆಗಾದರೆ, ಹದ್ದಿನ ಕಾಟಕ್ಕಾದರೆ, ತಾಯಿಯನ್ನೂ ಮರಿಗಳನ್ನೂ ಕೂಡಿಯೇ ಬುಟ್ಟಿ ಕವಚಿ ಇಡಬಹುದು. ಮೊದಲ ವಾರದಲ್ಲಿ ರಾಣಿಖೇತ್ ರೋಗದ ಲಸಿಕೆಯ ಹನಿ ಕಣ್ಣಿಗೆ ಹಾಕುವಾಗಲೂ ಮರಿ ಕೈಗೆ ತೆಗೆದುಕೊಳ್ಳುತ್ತೇವೆ. ತಾಯಿ ಕೈ ಕುಕ್ಕುತ್ತದೆ, ಕುಕ್ಕಲಿ.

ತಾಯಿ ತಾನೇ ಬೇರೆ ಮಾಡುವುದನ್ನು ಈಗ ಕೂತು ನೋಡುತ್ತೇನೆ. ಆರರಿಂದ ಎಂಟು ವಾರದೊಳಗೆ ಯಾವಾಗಲೋ ಲೊಕ್ ಲೊಕ್ ಅಂತ ಕರೆದು ಕಾಳು ತೋರಿಸುವುದು ನಿಲ್ಲುತ್ತದೆ. ಹತ್ತಿರ ಬಂದ ಮರಿಗೆ ತಲೆಯ ಮೇಲೆ ಒಂದು ಕುಕ್ಕು ಬೀಳುತ್ತದೆ. ನೋಡುವವರಿಗೆ ಕ್ರೂರ ಅನಿಸುತ್ತದೆ. ಮರಿಯನ್ನು ಹಿಡಿದು ನೋಡಿದರೆ ಮೈತುಂಬ ಪುಕ್ಕ ಬಂದಿರುತ್ತದೆ, ರಾತ್ರಿ ಅದಕ್ಕೆ ಯಾರ ರೆಕ್ಕೆಯೂ ಬೇಕಾಗಿರುವುದಿಲ್ಲ.

ಈಗ ಒಂಬತ್ತು ಮರಿ ಇವೆ, ಐದನೇ ವಾರ. ನಿನ್ನೆ ಸಂಜೆ ಒಂದು ಮರಿ ತಾನೇ ಹಿತ್ತಲ ಗೋಡೆ ಏರಿ ಕೂತಿತ್ತು. ಉಳಿದ ಎಂಟು ತಾಯಿಯ ಅಡಿಯಲ್ಲಿ ತುರುಕಿಕೊಂಡಿದ್ದವು. ಹಿಡಿಸದೆ ಅರ್ಧ ಮೈ ಹೊರಗೆ. ಮರಿ ಕೇಳಿಕೊಂಡು ಒಬ್ಬರು ಬಂದಿದ್ದರು. ಶ್ರಾವಣ ಮುಗೀಲಿ, ಆಮ್ಯಾಲ ಬರ್ರಿ ಅಂತ ಹೆಂಡತಿ ಕಳಿಸಿದಳು. ನಾನು ನಡುವೆ ಬಾಯಿ ಹಾಕಲಿಲ್ಲ.